ವೈರಸ್ ಸತ್ತರೆ ಸಾಕೇ? ಎಚ್‌ಐವಿ ತಡೆ ಜೆಲ್‌ಗಳ ಲೆಕ್ಕದಲ್ಲಿ ಬಿಟ್ಟುಹೋದ ಲೋಳೆಪೊರೆ

ವರ್ಷಕ್ಕೆ ಎರಡೇ ಎರಡು ಇಂಜೆಕ್ಷನ್, ಎಚ್‌ಐವಿ ಹತ್ತಿರ ಸುಳಿಯುವುದಿಲ್ಲ ಎಂಬ ಸುದ್ದಿ 2025ರಲ್ಲಿ ಎಲ್ಲ ಕಡೆ ಓಡಾಡಿತು. ಸುದ್ದಿ ಸುಳ್ಳಲ್ಲ. ಲೆನಕಾಪವಿರ್ ಎಂಬ ಔಷಧಿಗೆ ಆ ವರ್ಷದ ಜೂನ್‌ನಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು, ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿತು. ದಕ್ಷಿಣ ಆಫ್ರಿಕ ಮತ್ತು ಉಗಾಂಡದಲ್ಲಿ ನಡೆದ ಪ್ರಯೋಗದಲ್ಲಿ ಈ ಇಂಜೆಕ್ಷನ್ ತೆಗೆದುಕೊಂಡ 2,134 ಮಂದಿ ಹೆಣ್ಣುಮಕ್ಕಳಲ್ಲಿ ಒಬ್ಬರಿಗೂ ಸೋಂಕು ಬಂದಿರಲಿಲ್ಲ. ಅಮೆರಿಕದಲ್ಲಿ ವರ್ಷಕ್ಕೆ 28 ಸಾವಿರ ಡಾಲರ್ ದಾಟುವ ಇದನ್ನು ಹೈದರಾಬಾದಿನ ಡಾ. ರೆಡ್ಡೀಸ್ ಮತ್ತು ಹೆಟೆರೊ ಕಂಪೆನಿಗಳು 2027ರಿಂದ ಬಡ ದೇಶಗಳಿಗೆ ವರ್ಷಕ್ಕೆ ಸುಮಾರು 40 ಡಾಲರಿಗೆ ಕೊಡುತ್ತವೆ ಎಂಬ ಪ್ರಕಟಣೆ ಸೆಪ್ಟೆಂಬರ್‌ನಲ್ಲಿ ಬಂತು.

ಆದರೆ ಅದೇ ವರ್ಷದ ಜನವರಿಯಲ್ಲಿ ಬಂದ ಇನ್ನೊಂದು ಸುದ್ದಿ ಅಷ್ಟು ಓಡಾಡಲಿಲ್ಲ. ಅಮೆರಿಕದ ಹೊಸ ಸರಕಾರ ವಿದೇಶಿ ನೆರವಿಗೆ ಒಂದೇ ಏಟಿಗೆ ತಡೆ ಹಾಕಿತು. ಯುಎಸ್‌ಏಡ್ ದುಡ್ಡಿನಲ್ಲಿ ನಡೆಯುತ್ತಿದ್ದ ಪ್ರಯೋಗಗಳೆಲ್ಲ ಇದ್ದಲ್ಲೇ ನಿಂತವು. ದಕ್ಷಿಣ ಆಫ್ರಿಕದಲ್ಲಿ ಎಚ್‌ಐವಿ ಮತ್ತು ಗರ್ಭ ಎರಡನ್ನೂ ತಡೆಯುವ ಉದ್ದೇಶದ ಒಂದು ಸಿಲಿಕೋನ್ ರಿಂಗ್‌ನ ಪರೀಕ್ಷೆ ನಡೆಯುತ್ತಿತ್ತು. ರಿಂಗ್ ಹೆಂಗಸರ ಮೈಯೊಳಗೆ ಇತ್ತು, ಅದರಿಂದ ಏನಾದರೂ ತೊಂದರೆ ಆಗ್ತದಾ ಅಂತ ನೋಡಿಕೊಳ್ಳಬೇಕಾದ ಯೋಜನೆಗೆ ಬೀಗ ಬಿತ್ತು. ಕೊನೆಗೆ ಸಂಶೋಧಕರೇ ಅವರನ್ನು ಕರೆಸಿ ರಿಂಗ್ ತೆಗೆದರು.

ಮೈಯೊಳಗೆ, ಅತಿ ಮೃದುವಾದ ಜಾಗದಲ್ಲಿ ಇಡುವ ವಸ್ತುವಿಗೆ 'ಸುರಕ್ಷಿತ' ಎಂಬ ಮುದ್ರೆ ಬೀಳುವುದು ಹೇಗೆ? ಈ ಪ್ರಶ್ನೆಗೆ ಒಂದು ಚರಿತ್ರೆ ಇದೆ. ಅದರಲ್ಲಿ ಬಾಗಲಕೋಟೆಯ ಹೆಸರೂ ಬರುತ್ತದೆ.

ಕಾಂಡೋಮ್ ಗಂಡಸಿನ ಕೈಯಲ್ಲಿರುವ ಸಂಗತಿ. ಅವನು ಬೇಡ ಅಂದ್ರೆ ಹೆಂಗಸಿಗೆ ಬೇರೆ ದಾರಿ ಇಲ್ಲ. ಹೆಂಗಸು ತಾನಾಗಿಯೇ, ಯಾರ ಅನುಮತಿಯೂ ಇಲ್ಲದೆ ಬಳಸುವ ಒಂದು ತಡೆ ಬೇಕು ಎಂದು ಜೀನಾ ಸ್ಟೈನ್ ಎಂಬ ಸಾಂಕ್ರಾಮಿಕ ರೋಗಗಳ ತಜ್ಞೆ 1990ರಲ್ಲಿ ಬರೆದರು. ಅಲ್ಲಿಂದ 'ಮೈಕ್ರೋಬಿಸೈಡ್' ಎಂಬ ಮಾತು ಬೆಳೆಯಿತು. ಅಂದರೆ ಸಂಪರ್ಕಕ್ಕೆ ಮೊದಲು ಯೋನಿಯ ಒಳಗೆ ಹಚ್ಚಿಕೊಳ್ಳುವ, ವೈರಸ್ಸನ್ನು ಅಲ್ಲೇ ತಡೆಯುವ ಜೆಲ್. ಗಂಡ ಊರಿಂದೂರಿಗೆ ಕೆಲಸಕ್ಕೆ ಹೋಗಿ ಬರುವ ಮನೆಯ ಹೆಂಗಸಿಗೂ, ವೃತ್ತಿನಿರತ ಹೆಂಗಸಿಗೂ ಒಂದೇ ಟ್ಯೂಬ್.

ಹೊಸದನ್ನು ಕಂಡುಹಿಡಿಯುವ ಮೊದಲು ಅಂಗಡಿಯಲ್ಲಿ ಇರುವುದರಲ್ಲೇ ಏನಾದರೂ ಉಪಯೋಗಕ್ಕೆ ಬರ್ತದಾ ಅಂತ ನೋಡುವುದು ಸಹಜ. ಸಿಕ್ಕಿದ್ದು ನಾನ್‌ಆಕ್ಸಿನಾಲ್-9. ದಶಕಗಳಿಂದ ವೀರ್ಯಾಣುನಾಶಕವಾಗಿ ಮಾರಾಟವಾಗುತ್ತಿದ್ದ ರಾಸಾಯನಿಕ, ಅಗ್ಗ, ವೈದ್ಯರ ಚೀಟಿ ಬೇಡ. ಪ್ರಯೋಗಾಲಯದ ಗಾಜಿನ ನಳಿಗೆಯಲ್ಲಿ ಎಚ್‌ಐವಿಯ ಮೇಲೆ ಹಾಕಿದರೆ ವೈರಸ್ ಸಾಯುತ್ತಿತ್ತು. ಇನ್ನೇನು ಬೇಕು?

ಬೇಕಿದ್ದದ್ದು ಇನ್ನೊಂದು ಪ್ರಶ್ನೆ. ನಾನ್‌ಆಕ್ಸಿನಾಲ್-9 ಮೂಲತಃ ಡಿಟರ್ಜೆಂಟ್ ಜಾತಿಯದು. ಪಾತ್ರೆಯ ಎಣ್ಣೆಜಿಡ್ಡನ್ನು ಸೋಪು ಬಿಡಿಸಿದ ಹಾಗೆ ಅದು ವೈರಸ್ಸಿನ ಮೈಮೇಲಿನ ಕೊಬ್ಬಿನ ಹೊದಿಕೆಯನ್ನು ಒಡೆಯುತ್ತದೆ. ನಮ್ಮ ಜೀವಕೋಶದ ಹೊದಿಕೆಯೂ ಅದೇ ಬಗೆಯ ಕೊಬ್ಬಿನದ್ದು. ಸೋಪಿಗೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ.

ಸೂಚನೆ ಇರಲಿಲ್ಲ ಅಂತಲ್ಲ. ನೈರೋಬಿಯಲ್ಲಿ 138 ಮಂದಿ ಲೈಂಗಿಕ ವೃತ್ತಿನಿರತ ಮಹಿಳೆಯರಿಗೆ ಇದನ್ನು ಹೀರಿಸಿದ ಸ್ಪಂಜು ಕೊಟ್ಟ ಅಧ್ಯಯನ 1992ರಲ್ಲಿ ಪ್ರಕಟವಾಗಿತ್ತು. ರಕ್ಷಣೆ ಸಿಗಲಿಲ್ಲ, ಹುಣ್ಣುಗಳು ಜಾಸ್ತಿ ಕಂಡವು. ಸ್ಪಂಜಿನಲ್ಲಿ ಮದ್ದಿನ ಪ್ರಮಾಣ ಹೆಚ್ಚಿತ್ತು, ಕಡಿಮೆ ಮಾಡಿದರೆ ಸರಿಹೋದೀತು ಎಂಬ ವಾದ ಬಂತು. ಕ್ಯಾಮರೂನ್‌ನಲ್ಲಿ 1,292 ಮಂದಿಯ ಮೇಲೆ ಕಡಿಮೆ ಪ್ರಮಾಣದ ಕರಗುವ ಫಿಲ್ಮ್ ನೋಡಿದರು. ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂದು 1998ರಲ್ಲಿ ಲೆಕ್ಕ ಬಂತು. ಆ ಹೊತ್ತಿಗೆ ವಿಶ್ವಸಂಸ್ಥೆಯ ಏಡ್ಸ್ ವಿಭಾಗದ ನೇತೃತ್ವದಲ್ಲಿ ಇನ್ನೂ ಕಡಿಮೆ ಪ್ರಮಾಣದ, 52.5 ಮಿಲಿಗ್ರಾಂ ಮದ್ದಿನ ಜೆಲ್‌ನ ದೊಡ್ಡ ಪ್ರಯೋಗ ಬೆನಿನ್, ಐವರಿ ಕೋಸ್ಟ್, ದಕ್ಷಿಣ ಆಫ್ರಿಕ ಮತ್ತು ಥಾಯ್ಲೆಂಡ್‌ನಲ್ಲಿ ನಡೆಯುತ್ತಿತ್ತು.

ಅದರ ಫಲಿತಾಂಶ 2000ದ ಜುಲೈನಲ್ಲಿ ಡರ್ಬನ್ ಏಡ್ಸ್ ಸಮ್ಮೇಳನದಲ್ಲಿ ಹೊರಬಿತ್ತು. ಲೆಕ್ಕಕ್ಕೆ ಸಿಕ್ಕಿದ 765 ಮಂದಿಯಲ್ಲಿ ಮದ್ದಿನ ಜೆಲ್ ಬಳಸಿದ 376 ಮಂದಿ ಪೈಕಿ 59 ಮಂದಿಗೆ ಎಚ್‌ಐವಿ ಬಂದಿತ್ತು. ಮದ್ದಿಲ್ಲದ ಜೆಲ್ ಬಳಸಿದ 389 ಮಂದಿಯಲ್ಲಿ 45. ರಕ್ಷಣೆಗೆಂದು ಕೊಟ್ಟ ಜೆಲ್ ಅಪಾಯವನ್ನು ಸುಮಾರು ಒಂದೂವರೆ ಪಟ್ಟು ಮಾಡಿತ್ತು. ಅದರಲ್ಲೂ ದಿನಕ್ಕೆ ಸರಾಸರಿ ಮೂರೂವರೆ ಸಲಕ್ಕಿಂತ ಹೆಚ್ಚು ಬಳಸಿದವರಲ್ಲಿ ಅಪಾಯ ಹತ್ತಿರ ಹತ್ತಿರ ಎರಡು ಪಟ್ಟು, ಅದಕ್ಕಿಂತ ಕಡಿಮೆ ಬಳಸಿದವರಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಈ ಕೊನೆಯ ಅಂಕಿಯಲ್ಲೇ ಇಡೀ ಸಮಸ್ಯೆ ಇದೆ. ದಿನಕ್ಕೊಮ್ಮೆ ಹಚ್ಚುವ ಮನೆಯಾಕೆಗೆ ಸುರಕ್ಷಿತವಾದದ್ದು ದಿನಕ್ಕೆ ನಾಲ್ಕು ಸಲ ಹಚ್ಚುವವಳಿಗೆ ಸುರಕ್ಷಿತ ಅಲ್ಲ. ತಡೆ ಯಾರಿಗೆ ಎಲ್ಲರಿಗಿಂತ ಜಾಸ್ತಿ ಬೇಕಿತ್ತೋ ಅವರಿಗೇ ಹಾನಿಯೂ ಜಾಸ್ತಿ ಆಯಿತು. 'ಸುರಕ್ಷಿತ' ಎಂಬ ಪದದ ಮುಂದೆ ಎಷ್ಟು ಸಲ, ಎಷ್ಟು ಪ್ರಮಾಣ, ಯಾವ ಜಾಗದಲ್ಲಿ ಅಂತ ಬರೆಯದಿದ್ದರೆ ಆ ಪದಕ್ಕೆ ತೂಕ ಇಲ್ಲ.

ಜಾಗದ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಯೋನಿಯ ಒಳಗೋಡೆ ಒಂದರ ಮೇಲೊಂದು ಹಾಸಿದ ಹಲವು ಪದರ ಜೀವಕೋಶಗಳದ್ದು, ಸ್ವಲ್ಪ ಸವೆದರೂ ಅಡಿಯಲ್ಲಿ ಇನ್ನಷ್ಟು ಇರುತ್ತದೆ. ಗರ್ಭಕೋಶದ ಕೊರಳಿನ ಒಳಭಾಗದಲ್ಲಿ, ಹಾಗೆಯೇ ಗುದದ ಒಳಗೆ ಇರುವುದು ಒಂದೇ ಒಂದು ಪದರ. 2000ದಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ನಾನ್‌ಆಕ್ಸಿನಾಲ್-9 ಇದ್ದ ಜೆಲ್ ಗುದದೊಳಗೆ ಹಚ್ಚಿ 15 ನಿಮಿಷ ಆಗುವಷ್ಟರಲ್ಲಿ ಆ ಪದರ ಹಾಳೆ ಹಾಳೆಯಾಗಿ ಕಳಚಿ ಬರುವುದು ಕಂಡಿತು. ಎಂಟು ಗಂಟೆಯಲ್ಲಿ ಹೆಚ್ಚು ಕಮ್ಮಿ ಮತ್ತೆ ಬೆಳೆದಿತ್ತು. ಅಂದರೆ ಮಾರನೇ ದಿನ ಪರೀಕ್ಷೆಗೆ ಬಂದವರಲ್ಲಿ ಡಾಕ್ಟರಿಗೆ ಏನೂ ಕಾಣಲಿಕ್ಕಿಲ್ಲ. ನೋವೂ ಇರಲಿಕ್ಕಿಲ್ಲ. ಹಾಳೆ ಕಳಚಿದ್ದ ಆ ನಡುವಿನ ಹೊತ್ತು ಮಾತ್ರ ಬಾಗಿಲು ತೆರೆದೇ ಇತ್ತು.

ಪದರ ಕಳಚದಿದ್ದರೂ ಅಪಾಯ ತಪ್ಪಿತು ಅಂತ ಹೇಳಲಿಕ್ಕಾಗದು. ಜಾಗ ಕೆರಳಿದರೆ ದೇಹ ಅಲ್ಲಿಗೆ ತನ್ನ ಕಾವಲು ಪಡೆಯನ್ನು, ಅಂದರೆ ಬಿಳಿ ರಕ್ತಕಣಗಳನ್ನು ಕಳಿಸುತ್ತದೆ. ಎಚ್‌ಐವಿ ಹುಡುಕುವುದೇ ಆ ಕಣಗಳಲ್ಲಿ ಸಿಡಿ4 ಎಂಬ ಜಾತಿಯನ್ನು. ಉರಿಯೂತ ಅಂದರೆ ವೈರಸ್ಸಿಗೆ ಊಟ ಬಡಿಸಿ ಕರೆದ ಹಾಗೆ.

ಹಾಗಾದರೆ ಪರೀಕ್ಷೆ ಮಾಡುವವರು ಏನು ನೋಡುತ್ತಿದ್ದರು? ದಶಕಗಟ್ಟಲೆ ನಡೆದದ್ದು ಮೊಲದ ಪರೀಕ್ಷೆ. ಹತ್ತು ದಿನ ಮೊಲದ ಯೋನಿಗೆ ಜೆಲ್ ಹಾಕಿ, ನಂತರ ಅಂಗಾಂಶ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಅಂಕ ಕೊಡುವುದು. ಇಂತಿಷ್ಟು ಅಂಕದ ಒಳಗಿದ್ದರೆ ಪಾಸ್. ಆದರೆ ಮೊಲದ ಆ ಭಾಗದ ಹಾಸು ಮನುಷ್ಯರದರ ಹಾಗಿಲ್ಲ. ಮನುಷ್ಯರಲ್ಲಿ ಕೊಲ್ಪೊಸ್ಕೋಪ್ ಎಂಬ ದುರ್ಬೀನಿನಿಂದ ನೋಡಿ ಕೆಂಪಾಗಿದೆಯೇ, ಗಾಯ ಇದೆಯೇ ಅಂತ ಬರೆದುಕೊಳ್ಳುವುದು ಇನ್ನೊಂದು ದಾರಿ. ಅದಕ್ಕೆ ಕಾಣುವುದು ಮೇಲ್ಮೈ ಮಾತ್ರ. ಬೆಲ್ಜಿಯಂನ ಸಂಶೋಧಕರು ಚಿಪ್ಪಿಲ್ಲದ ಬಸವನಹುಳುವಿನ ಮೇಲೆ ಜೆಲ್ ಹಾಕಿ ಅದು ಎಷ್ಟು ಲೋಳೆ ಬಿಡುತ್ತದೆ ಎಂದು ತೂಗುವ ಪರೀಕ್ಷೆಯನ್ನೂ ಮಾಡಿಟ್ಟರು. ಕೇಳಲಿಕ್ಕೆ ತಮಾಷೆ, ಆದರೆ ಮಳೆಗಾಲದಲ್ಲಿ ಆ ಹುಳದ ಮೇಲೆ ಉಪ್ಪು ಬಿದ್ದದ್ದು ನೋಡಿದವರಿಗೆ ಅದರ ತರ್ಕ ಅರ್ಥ ಆಗ್ತದೆ.

ಡರ್ಬನ್ ನಂತರ ಪರೀಕ್ಷೆಗಳು ಬಿಗಿಯಾದವು. ಗರ್ಭಕೋಶ ತೆಗೆಯುವ ಆಪರೇಷನ್‌ ಆದ ಹೆಂಗಸರ ಒಪ್ಪಿಗೆ ಪಡೆದು, ತೆಗೆದ ಅಂಗಾಂಶದ ಚೂರುಗಳನ್ನು ಲ್ಯಾಬ್‌ನಲ್ಲಿ ಜೀವಂತ ಇಟ್ಟು ಅದರ ಮೇಲೆ ಜೆಲ್ ನೋಡುವುದು ರೂಢಿಯಾಯಿತು. ಉರಿಯೂತದ ಸಂಕೇತ ಕಳಿಸುವ ಇಂಟರ್‌ಲ್ಯೂಕಿನ್‌ಗಳನ್ನು ಅಳೆಯುವುದು ಶುರುವಾಯಿತು. ಇಲಿಗಳಿಗೆ ಜೆಲ್ ಹಾಕಿ, ಕೆಲವು ಗಂಟೆ ಬಿಟ್ಟು ಹರ್ಪಿಸ್ ವೈರಸ್ ಕೊಟ್ಟು, ಸೋಂಕು ಮೊದಲಿಗಿಂತ ಸುಲಭವಾಗಿ ತಗುಲುತ್ತದೆಯೇ ಎಂದು ನೋಡುವ ಪರೀಕ್ಷೆ ಬಂತು. ನಾನ್‌ಆಕ್ಸಿನಾಲ್-9 ಹಚ್ಚಿದ ಇಲಿಗಳಿಗೆ ಹಲವು ಪಟ್ಟು ಸುಲಭವಾಗಿ ತಗುಲಿತು. ಈ ಪರೀಕ್ಷೆ ಹತ್ತು ವರ್ಷ ಮೊದಲೇ ಇದ್ದಿದ್ದರೆ ನಾಲ್ಕು ದೇಶಗಳ ಆ ಪ್ರಯೋಗ ಬಹುಶಃ ನಡೆಯುತ್ತಲೇ ಇರಲಿಲ್ಲ.

ಇಷ್ಟೆಲ್ಲ ಆದ ಮೇಲೆ ಬಂದದ್ದು ಸೆಲ್ಯುಲೋಸ್ ಸಲ್ಫೇಟ್. ಇದು ಸೋಪಲ್ಲ, ಹತ್ತಿಯಲ್ಲಿರುವ ಸೆಲ್ಯುಲೋಸಿನಿಂದ ಮಾಡಿದ್ದು. ವೈರಸ್ಸನ್ನು ಒಡೆಯುವುದಿಲ್ಲ, ಜೀವಕೋಶಕ್ಕೆ ಅಂಟದಂತೆ ಸುತ್ತಿಕೊಳ್ಳುತ್ತದೆ. ಹತ್ತಕ್ಕೂ ಹೆಚ್ಚು ಸಣ್ಣ ಪ್ರಯೋಗಗಳಲ್ಲಿ ನೂರಾರು ಮಂದಿ ಬಳಸಿ 'ತೊಂದರೆ ಇಲ್ಲ' ಎನಿಸಿಕೊಂಡಿತ್ತು. ಅದರ ದೊಡ್ಡ ಪ್ರಯೋಗಕ್ಕೆ ಆಫ್ರಿಕದ ಬೆನಿನ್, ಉಗಾಂಡ, ದಕ್ಷಿಣ ಆಫ್ರಿಕದ ಜೊತೆಗೆ ಭಾರತದ ಎರಡು ಊರು ಆರಿಸಿದರು. ಒಂದು ಚೆನ್ನೈ. ಇನ್ನೊಂದು ನಮ್ಮ ಬಾಗಲಕೋಟೆ.

ಬಾಗಲಕೋಟೆ ಯಾಕೆ ಎಂದು ಕೇಳಿದರೆ ಉತ್ತರ ಕರ್ನಾಟಕದ ಆ ಪಟ್ಟಿಯಲ್ಲಿ ಆಗ ಎಚ್‌ಐವಿ ಪ್ರಮಾಣ ಹೆಚ್ಚಿತ್ತು, ಪ್ರಯೋಗಕ್ಕೆ ಅಂಥ ಊರೇ ಬೇಕು. ಸೋಂಕು ಇಲ್ಲದ ಕಡೆ ತಡೆಯ ಬಲ ಅಳೆಯಲಿಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಇದು ಸರಿ, ಕೇಳುವವರಿಗೆ ಸ್ವಲ್ಪ ಕಸಿವಿಸಿ.

2007ರ ಜನವರಿ ಕೊನೆಗೆ ಪ್ರಯೋಗ ನಿಂತಿತು. ಅಂಕಿ ಅಂಶ ನೋಡಿಕೊಳ್ಳುವ ಸ್ವತಂತ್ರ ಸಮಿತಿ ಮಧ್ಯದಲ್ಲಿ ಪುಸ್ತಕ ತೆರೆದು ನೋಡಿದಾಗ ಮದ್ದಿನ ಕಡೆ ಸೋಂಕು ಹೆಚ್ಚು ಕಂಡಿತ್ತು. ಕೊನೆಯ ಲೆಕ್ಕದಲ್ಲಿ ಒಟ್ಟು 1,398 ಮಂದಿಯಲ್ಲಿ ಮದ್ದಿನ ಜೆಲ್ ಪಡೆದವರಲ್ಲಿ 25 ಸೋಂಕು, ಮದ್ದಿಲ್ಲದ ಜೆಲ್ ಪಡೆದವರಲ್ಲಿ 16. ಈ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದು, ಸಂಖ್ಯಾಶಾಸ್ತ್ರದ ಗೆರೆ ದಾಟಲಿಲ್ಲ. ಆದರೆ ರಕ್ಷಣೆ ಇಲ್ಲ ಎಂಬುದಂತೂ ಖಚಿತ. 2009ರಲ್ಲಿ, ಅಂದರೆ ಪ್ರಯೋಗ ನಿಂತು ಎರಡು ವರ್ಷದ ನಂತರ, ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನ ತಂಡವೊಂದು ಕಾರಣದ ಒಂದು ಎಳೆ ಹಿಡಿಯಿತು. ಎರಡು ಅಂತಸ್ತಿನ ಬಟ್ಟಲು. ಮೇಲೆ ಜನನಾಂಗದ ಜೀವಕೋಶಗಳ ಹಾಸು, ಕೆಳಗೆ ಎಚ್‌ಐವಿಗೆ ಇಷ್ಟವಾದ ರಕ್ತಕಣಗಳು. ಹಾಸಿನ ಮೂಲಕ ಸಣ್ಣ ವಿದ್ಯುತ್ ಹರಿಸಿ ಎಷ್ಟು ತಡೆ ಇದೆ ಎಂದು ಅಳೆಯುವುದು. ಸೆಲ್ಯುಲೋಸ್ ಸಲ್ಫೇಟ್ ಹಾಕಿದಾಗ ಜೀವಕೋಶ ಒಂದೂ ಸಾಯಬೇಕೆಂದಿಲ್ಲ, ಆದರೆ ಒಂದಕ್ಕೊಂದು ಬಿಗಿಯಾಗಿ ಹೊಲಿದಿದ್ದ ಹೊಲಿಗೆ ಸಡಿಲವಾಯಿತು, ವೈರಸ್ ಕೆಳಗೆ ಇಳಿಯಿತು. ಹಳೆಯ ಪರೀಕ್ಷೆಗಳೆಲ್ಲ ಇಟ್ಟಿಗೆ ಒಡೆದಿದೆಯೇ ಎಂದು ನೋಡಿದ್ದವು. ಸಿಮೆಂಟ್ ಉದುರಿದ್ದನ್ನು ನೋಡಿರಲಿಲ್ಲ.

ಈ ಪರೀಕ್ಷೆಗೆ ಮನುಷ್ಯರೇ ಬೇಡ, ಒಂದು ಲ್ಯಾಬ್ ಸಾಕು. ಅಗ್ಗದ ಪರೀಕ್ಷೆ ದುಬಾರಿ ಪ್ರಯೋಗದ ನಂತರ ಬಂತು.

ಸಣ್ಣ ಪ್ರಯೋಗದಲ್ಲಿ ತೊಂದರೆ ಕಾಣಲಿಲ್ಲ ಎಂಬ ಮಾತನ್ನು ಎಷ್ಟು ನಂಬಬೇಕು ಅನ್ನುವುದಕ್ಕೆ ಒಂದು ಸರಳ ಲೆಕ್ಕವಿದೆ, ಬಿ.ಕಾಂ. ಮಾಡಿದವರಿಗೂ ಗೊತ್ತಾಗುವಂಥದ್ದು. ನಲವತ್ತು ಮಂದಿಯಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ ಎಂದರೆ ಅಪಾಯ ಸೊನ್ನೆ ಅಂತಲ್ಲ. ಮೂರನ್ನು ನಲವತ್ತರಿಂದ ಭಾಗಿಸಿ, ಅಂದರೆ ಶೇ. 7.5. ಅಷ್ಟರವರೆಗಿನ ಅಪಾಯ ಇದ್ದರೂ ಇರಬಹುದು, ನಲವತ್ತು ಮಂದಿಯಲ್ಲಿ ಅದು ಕಾಣದೆ ಹೋಗುವ ಸಾಧ್ಯತೆ ಇದೆ. ಮುನ್ನೂರು ಮಂದಿಯಲ್ಲಿ ಕಾಣಲಿಲ್ಲ ಎಂದರೆ ಮಾತ್ರ ಶೇ. 1ಕ್ಕೆ ಇಳಿಯುತ್ತದೆ. ಮೇಲಾಗಿ ಸುರಕ್ಷತೆಯ ಮೊದಲ ಹಂತಕ್ಕೆ ಬರುವವರು ಆರೋಗ್ಯವಂತರು, ಬಳಸುವುದು ಎರಡು ವಾರ, ದಿನಕ್ಕೆ ಒಂದೋ ಎರಡೋ ಸಲ. ಕೊನೆಗೆ ಜೆಲ್ ಹೋಗಿ ಸೇರುವುದು ಬೇರೆಯವರ ಬದುಕಿಗೆ.

ನೈಸರ್ಗಿಕ ವಸ್ತುವಾದರೆ ಚಿಂತೆಯಿಲ್ಲ ಎನ್ನುವವರು ನಮ್ಮಲ್ಲಿ ಬಹಳ. ಆಸ್ಟ್ರೇಲಿಯದ ವಿಜ್ಞಾನಿ ರೋಜರ್ ಶಾರ್ಟ್ ನಿಂಬೆರಸ ಎಚ್‌ಐವಿಯನ್ನು ಕೊಲ್ಲುತ್ತದೆ, ಬಡವರ ಮೈಕ್ರೋಬಿಸೈಡ್ ಆದೀತು ಎಂದು ಇಪ್ಪತ್ತು ವರ್ಷದ ಹಿಂದೆ ಹೇಳಿದ್ದರು. ನೈಜೀರಿಯದಲ್ಲಿ ಕೆಲವು ಹೆಂಗಸರು ಅದರಿಂದ ತೊಳೆದುಕೊಳ್ಳುವ ರೂಢಿಯೂ ಇತ್ತು. ಪರೀಕ್ಷೆ ಮಾಡಿದಾಗ ನೀರು ಬೆರೆಸದ ರಸ ಲೋಳೆಪೊರೆಗೆ ಆಳವಾದ ಗಾಯ ಮಾಡುವುದು ಗೊತ್ತಾಯಿತು. ಅದಕ್ಕೆ ಹೋಲಿಸಿದರೆ ಡಾ. ಜಿ.ಪಿ. ತಲ್ವಾರ್ ಅವರ ಬೇವಿನ 'ಪ್ರನೀಮ್' ಮಾತ್ರೆ ಸರಿಯಾದ ದಾರಿಯಲ್ಲೇ ಹೋಯಿತು. ಬೇವು ಅಂತ ಹೇಳಿ ಬಿಡಲಿಲ್ಲ, ಪುಣೆಯಲ್ಲಿ ಕ್ರಮವಾಗಿ ಸುರಕ್ಷತಾ ಪ್ರಯೋಗ ಮಾಡಿಸಿದರು. ಅದು ಮಾರುಕಟ್ಟೆಗೆ ಎಚ್‌ಐವಿ ತಡೆಯಾಗಿ ಬರಲಿಲ್ಲ ಎಂಬುದು ಬೇರೆ ಮಾತು.

ಮದ್ದು ಮಾತ್ರ ಅಲ್ಲ, ಅದನ್ನು ಬೆರೆಸಿದ ಜೆಲ್ ಕೂಡ ಹಾನಿ ಮಾಡಬಹುದು. ಗ್ಲಿಸರಿನ್ ತುಂಬಾ ಇದ್ದರೆ ಜೆಲ್ ದಟ್ಟವಾಗಿ, ಉಪ್ಪು ಹಾಕಿದ ಮಾವಿನಕಾಯಿ ನೀರು ಬಿಡುವ ಹಾಗೆ ಜೀವಕೋಶದಿಂದ ನೀರು ಎಳೆಯುತ್ತದೆ, ಕೋಶ ಮುದುಡಿ ಕಳಚುತ್ತದೆ. ಟೆನೊಫೋವಿರ್ ಜೆಲ್‌ನ ಮೊದಲ ರೂಪ ಗುದದಲ್ಲಿ ಬಳಸಿದವರಿಗೆ ಹೊಟ್ಟೆ ತೊಂದರೆ ಬಂತು. ಗ್ಲಿಸರಿನ್ ಕಡಿಮೆ ಮಾಡಿದ ಮೇಲೆ ಸರಿಹೋಯಿತು. ಮದ್ದು ಅದೇ. ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಲೂಬ್ರಿಕೆಂಟ್‌ಗಳಿಗೂ ಮಿತಿ ಹೇಳಿತು. ಈ ದಟ್ಟಣೆಯ ಅಳತೆ, ಅಂದರೆ ಆಸ್ಮೊಲಾಲಿಟಿ, 380 ಮೀರದಿದ್ದರೆ ಉತ್ತಮ, ಸದ್ಯಕ್ಕೆ 1,200ರವರೆಗೆ ನಡೆಯುತ್ತದೆ, ಯೋನಿಯ ಬಳಕೆಗೆ ಪಿಎಚ್ 4.5ರ ಹತ್ತಿರ ಇರಲಿ ಎಂದು. ಮೆಡಿಕಲ್‌ನಲ್ಲಿ ಮಾರುವವರಿಗೂ ಕೊಳ್ಳುವವರಿಗೂ ಈ ಸಂಖ್ಯೆ ತಿಳಿದಿರುವುದು ಅಪರೂಪ. ನಾನ್‌ಆಕ್ಸಿನಾಲ್-9ರ ಮಾತು ಹೇಳುವುದಾದರೆ, ಅದು ಗರ್ಭನಿರೋಧಕವಾಗಿ ಇವತ್ತೂ ಮಾರಾಟದಲ್ಲಿದೆ. ಅಮೆರಿಕದಲ್ಲಿ 2007ರ ನಿಯಮದಂತೆ ಅದರ ಡಬ್ಬಿಯ ಮೇಲೆ ಇದು ಎಚ್‌ಐವಿ ತಡೆಯುವುದಿಲ್ಲ ಎಂಬ ಎಚ್ಚರಿಕೆ ಕಡ್ಡಾಯ.

2010ರಲ್ಲಿ ಒಂದು ಸಲ ಗೆದ್ದೆವು ಅನಿಸಿತ್ತು. ಕ್ವರೈಶಾ ಮತ್ತು ಸಲೀಂ ಅಬ್ದುಲ್ ಕರೀಂ ದಂಪತಿಯ ನೇತೃತ್ವದಲ್ಲಿ ದಕ್ಷಿಣ ಆಫ್ರಿಕದ 889 ಮಂದಿಯಲ್ಲಿ ಟೆನೊಫೋವಿರ್ ಜೆಲ್ ಸೋಂಕನ್ನು ಶೇ. 39ರಷ್ಟು ಇಳಿಸಿತು. ಜೆಲ್ ಸುರಕ್ಷಿತ ಎಂಬುದನ್ನು ಪುಣೆಯ ಹೆಂಗಸರೂ ಸೇರಿದ್ದ 200 ಮಂದಿಯ ಪ್ರಯೋಗ ಮೊದಲೇ ನೋಡಿತ್ತು. ಆದರೆ ಮುಂದಿನ ಎರಡು ದೊಡ್ಡ ಪ್ರಯೋಗಗಳಲ್ಲಿ ಫಲ ಸಿಗಲಿಲ್ಲ. ಒಂದರಲ್ಲಿ ಹೆಂಗಸರು ಶೇ. 90ರ ಆಸುಪಾಸು ಬಳಸಿದ್ದೇವೆ ಎಂದಿದ್ದರು, ಜೆಲ್ ಗುಂಪಿನ ರಕ್ತದ ಮಾದರಿ ನೋಡಿದರೆ ಮದ್ದು ಸಿಕ್ಕಿದ್ದು ಕಾಲು ಭಾಗದಲ್ಲಿ ಮಾತ್ರ. ಇದನ್ನು ಹೆಂಗಸರ ಸುಳ್ಳು ಎಂದು ಬರೆದವರಿದ್ದಾರೆ. ಗಂಡನಿಗೆ ಗೊತ್ತಾದರೆ ಏನಾದೀತು, ಕ್ಲಿನಿಕ್‌ನ ಸಿಸ್ಟರ್ ಏನೆಂದುಕೊಳ್ಳುವರು ಎಂಬ ಎರಡು ಭಯದ ನಡುವೆ ಇದ್ದವರ ಮೇಲೆ ಅಷ್ಟು ಸುಲಭವಾಗಿ ತಪ್ಪು ಹೊರಿಸಬಾರದು. ಇದರ ಇನ್ನೊಂದು ಪರಿಣಾಮ ಗಮನಕ್ಕೆ ಬಂದದ್ದು ಕಡಿಮೆ. ಬಳಸದ ಜೆಲ್ ಯಾರಿಗೂ ಹಾನಿ ಮಾಡುವುದಿಲ್ಲ. ಹಾಗಾಗಿ ಅಂಥ ಪ್ರಯೋಗದಿಂದ ಬಂದ 'ಸುರಕ್ಷಿತ' ಎಂಬ ಮುದ್ರೆಯೂ ಅಷ್ಟೇ ಟೊಳ್ಳು.

ಪರಿಹಾರದ ಪ್ರಶ್ನೆ ಇದೆಲ್ಲಕ್ಕಿಂತ ಕಷ್ಟದ್ದು. ಭಾರತದಲ್ಲಿ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು. ಒಳ್ಳೆಯ ನಿಯಮ. ಆದರೆ ಜೆಲ್ ಹಚ್ಚಿದ ಒಬ್ಬ ಹೆಂಗಸಿಗೆ ಎಚ್‌ಐವಿ ಬಂದರೆ, ಅದು ಜೆಲ್‌ನಿಂದ ಬಂತೋ, ಜೆಲ್ ಇಲ್ಲದಿದ್ದರೂ ಬರುತ್ತಿತ್ತೋ ಎಂದು ಆ ಒಬ್ಬಳ ಮಟ್ಟದಲ್ಲಿ ಹೇಳುವ ಪರೀಕ್ಷೆ ಯಾವ ಲ್ಯಾಬ್‌ನಲ್ಲೂ ಇಲ್ಲ. ಐವತ್ತೊಂಬತ್ತಕ್ಕೆ ನಲವತ್ತೈದು ಹೋಲಿಸಿ ಗುಂಪಿಗೆ ಹಾನಿಯಾಯಿತು ಎನ್ನಬಹುದು. ಆ ಐವತ್ತೊಂಬತ್ತರಲ್ಲಿ ಜೆಲ್‌ನಿಂದಾಗಿಯೇ ಸೋಂಕು ತಗುಲಿದವರು ಯಾರು ಎಂಬುದು ಅವರಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಆದ್ದರಿಂದ ಹಕ್ಕು ಕೇಳಲಿಕ್ಕೆ ಯಾರೂ ಬರುವುದಿಲ್ಲ. ಪ್ರಯೋಗದಲ್ಲಿ ಸೋಂಕು ಬಂದ ಎಲ್ಲರಿಗೂ, ಯಾವ ಗುಂಪಿನವರೇ ಆಗಲಿ, ಜೀವಮಾನ ಪೂರ್ತಿ ಚಿಕಿತ್ಸೆಯ ಹೊಣೆಯನ್ನು ಪ್ರಯೋಗ ಶುರುವಾಗುವ ಮೊದಲೇ ಕಾಗದದಲ್ಲಿ ಬರೆದಿಡುವುದೊಂದೇ ಇದಕ್ಕೆ ನೇರ ಉತ್ತರ. ನಮ್ಮಲ್ಲಿ ಸರಕಾರಿ ಎಆರ್‌ಟಿ ಔಷಧಿ 2004ರಿಂದ ಉಚಿತ ಇರುವುದರಿಂದ ಈ ಮಾತನ್ನು ದುಡ್ಡು ಕೊಡುವವರು ಹಗುರವಾಗಿ ತೆಗೆದುಕೊಳ್ಳುವ ಅಪಾಯವೂ ಇದೆ. ಕಂಪೆನಿಯ ಹೊಣೆ ಸದ್ದಿಲ್ಲದೆ ಸರಕಾರದ ಖಾತೆಗೆ ಹೋಗುತ್ತದೆ.

ಇಂಜೆಕ್ಷನ್ ಬಂದಾಯಿತಲ್ಲ, ಇನ್ನು ಜೆಲ್ ಯಾಕೆ ಎಂದು ಕೇಳಬಹುದು. ಆರು ತಿಂಗಳು ಮೈಯಲ್ಲಿ ಉಳಿಯುವ ಮದ್ದು ಬೇಡ, ಬೇಕಾದ ದಿನ ಮಾತ್ರ ಬಳಸುತ್ತೇನೆ ಎನ್ನುವವರು ಇದ್ದಾರೆ. ಸೂಜಿಗೆ ಕ್ಲಿನಿಕ್‌ಗೆ ಹೋಗುವುದನ್ನು ಊರವರು ನೋಡುತ್ತಾರೆ ಎಂಬ ಭಯದವರೂ ಇದ್ದಾರೆ. ತಿಂಗಳಿಗೊಮ್ಮೆ ಬದಲಿಸುವ ಡಾಪಿವಿರಿನ್ ರಿಂಗ್‌ಗೆ 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು ಸಿಕ್ಕಿತು. ಅದು ತಡೆದದ್ದು ಮೂರರಲ್ಲಿ ಒಂದಕ್ಕಿಂತ ಕಡಿಮೆ ಸೋಂಕು, ಆದರೂ ಬೇಕು ಎಂದು ಆಫ್ರಿಕದ ಹೆಂಗಸರ ಸಂಘಟನೆಗಳೇ ಒತ್ತಾಯಿಸಿದ್ದವು. ಕರಗುವ ಫಿಲ್ಮ್, ಒಳಗಿಡುವ ಮಾತ್ರೆ, ಹೊಸ ರಿಂಗ್ ಇವೆಲ್ಲ ಸುರಕ್ಷತಾ ಪರೀಕ್ಷೆಯ ಬೇರೆ ಬೇರೆ ಮೆಟ್ಟಿಲಲ್ಲಿ ಇದ್ದವು. 2025ರ ಜನವರಿಯ ಆದೇಶದಲ್ಲಿ ನಿಂತದ್ದು ಇವೇ.